ಮಳೆ ಹಿಡಿಯುವ ಮೊದಲು ಬಿಡಬೇಕಾದ ಮದ್ದು

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯವರು, ಕರ್ನಾಟಕದ ಗಡಿಗೆ ತಾಗಿದ ಊರು. ಅಡಿಕೆ ತೋಟ, ಸ್ವಲ್ಪ ರಬ್ಬರ್ ಇದೆ. ಅತ್ತೆಗೆ 64 ವರ್ಷ. ಎಂಟು ವರ್ಷದಿಂದ ಶುಗರ್, ಬಿಪಿ ಎರಡೂ ಇವೆ. ಮೂರು ತಿಂಗಳಿಗೊಮ್ಮೆ ಮಂಗಳೂರಿಗೆ ಕರೆದುಕೊಂಡು ಹೋಗುತ್ತೇವೆ. ನಡುವೆ ಮಾತ್ರೆ ಮುಗಿದು ಹದಿನೈದು ದಿನ ಹಾಗೇ ಕೂತದ್ದೂ ಉಂಟು. ಸರಕಾರದ ಮಾತ್ರೆಗೆ ಪವರ್ ಕಡಿಮೆ, ಅದನ್ನು ತೆಗೆದುಕೊಳ್ಳಬೇಡಿ ಎನ್ನುತ್ತಾರೆ ಭಾವ. ಮೊನ್ನೆ ಆಶಾ ಕಾರ್ಯಕರ್ತೆ ಬಂದು ಎಲ್ಲರ ಸೊಂಟದ ಸುತ್ತಳತೆ, ಎಲೆಅಡಿಕೆ ತಿನ್ನುವ ಅಭ್ಯಾಸ ಎಲ್ಲ ಕೇಳಿ ಮೊಬೈಲಿಗೆ ಹಾಕಿಕೊಂಡರು. ಯಾಕೆ ಎಂದು ಕೇಳಿದರೆ ಸರಿಯಾಗಿ ಹೇಳಲಿಲ್ಲ. ವಾರದ ನಂತರ ಹೆಲ್ತ್ ಇನ್ಸ್‌ಪೆಕ್ಟರ್ ಬಂದು, ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳಲ್ಲಿ ಸೊಳ್ಳೆಮರಿ ಇದೆ ಎಂದು ನೋಟಿಸ್ ಕೊಟ್ಟರು. ನೀರಿಗಾಗಿ ಗುಡ್ಡ ಕೊರೆದ ಸುರಂಗ ಇದೆ, ಆ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿ ಎಂದರು. ಯಜಮಾನರಿಗೆ ವಾರಕ್ಕೊಮ್ಮೆ ತೆಗೆದುಕೊಳ್ಳಲು ಇಲಿಜ್ವರದ ಮಾತ್ರೆ ಕೊಟ್ಟಿದ್ದಾರೆ. ಅದು ಕಿಡ್ನಿ ಹಾಳು ಮಾಡುತ್ತದೆ ಎಂದು ನೆರೆಮನೆಯವರು ಹೇಳಿದ ಮೇಲೆ ಡಬ್ಬಿಯಲ್ಲೇ ಬಿದ್ದಿದೆ. ಕಳೆದ ವರ್ಷ ಮಗನಿಗೆ ಡೆಂಗಿ ಆದಾಗ ಫಾಗಿಂಗಿಗೆ ಎಷ್ಟು ಕೇಳಿದರೂ ಬೇಗ ಬರಲಿಲ್ಲ. ಮಾತೆಲ್ಲ ಮಲಯಾಳದಲ್ಲಿ, ಅತ್ತೆಗೆ ಅರ್ಥವೇ ಆಗುವುದಿಲ್ಲ. ಎಂಡೋಸಲ್ಫಾನ್ ಕೀಟನಾಶಕ ಬಿಡುತ್ತಿದ್ದ ಕಾಲದಲ್ಲಿ ಏನೂ ಆಗುವುದಿಲ್ಲ ಎಂದವರೂ ಸರಕಾರದವರೇ ಅಲ್ಲವೇ? ಇವರನ್ನು ನಂಬಿ ನಡೆಯಬಹುದೇ? ಹೆಸರು ಹಾಕಬೇಡಿ.

ಉತ್ತರ: ನಿಮ್ಮ ಪತ್ರದಲ್ಲಿ ಏಳೆಂಟು ಪ್ರಶ್ನೆಗಳಿದ್ದರೂ ಬೇರು ಒಂದೇ. ಮನೆ ಬಾಗಿಲಿಗೆ ಬರುವ ಈ ಜನ ನಮಗೋಸ್ಕರ ಬರುತ್ತಾರೋ, ತಮ್ಮ ರಿಜಿಸ್ಟರಿಗೋಸ್ಕರ ಬರುತ್ತಾರೋ ಎಂಬುದು ನಿಮ್ಮ ಅನುಮಾನ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಜಿಲ್ಲೆಯ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೂತವನು ನಾನು. ಎರಡಕ್ಕೂ ಬರುತ್ತಾರೆ ಎನ್ನುವುದೇ ನಿಜ. ಆದರೆ ಆ ರಿಜಿಸ್ಟರ್ ಯಾರದ್ದು ಎಂಬ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಡಬ್ಬಿಯಲ್ಲಿರುವ ಮಾತ್ರೆ. ಉಳಿದದ್ದಕ್ಕೆ ಒಂದು ವಾರ ತಡವಾದರೂ ನಡೆಯುತ್ತದೆ, ಮಳೆಗಾಲದಲ್ಲಿ ಇದಕ್ಕೆ ನಡೆಯದು.

ಅದು ಡಾಕ್ಸಿಸೈಕ್ಲಿನ್. 100 ಮಿಲಿಗ್ರಾಂನ ಎರಡು ಮಾತ್ರೆ, ಅಂದರೆ 200 ಮಿಲಿಗ್ರಾಂ, ವಾರಕ್ಕೊಂದು ಸಲ. ಕಿಡ್ನಿ ಹಾಳು ಮಾಡುವುದು ಇಲಿಜ್ವರವೇ ಹೊರತು ಈ ಮಾತ್ರೆಯಲ್ಲ. ನೆರೆಮನೆಯವರ ಮಾತು ಎಲ್ಲಿಂದ ಹುಟ್ಟಿತು ಎಂದು ಊಹಿಸಬಲ್ಲೆ. ಇಲಿಜ್ವರ ಬಲಿತು ಡಯಾಲಿಸಿಸ್‌ವರೆಗೆ ಹೋದವರ ಚೀಟಿಯಲ್ಲೂ ಇದೇ ಮಾತ್ರೆಯ ಹೆಸರು ಇರಬಹುದು, ಏಕೆಂದರೆ ಆ ರೋಗದ ಚಿಕಿತ್ಸೆಗೂ ಇದನ್ನು ಬಳಸುತ್ತೇವೆ. ನೋಡಿದವರು ಮುಂದಿನದ್ದನ್ನು ಹಿಂದೆ, ಹಿಂದಿನದ್ದನ್ನು ಮುಂದೆ ಮಾಡಿಕೊಂಡಿರುತ್ತಾರೆ.

ಇಲಿ, ಹೆಗ್ಗಣ, ನಾಯಿ, ದನಗಳ ಮೂತ್ರದಲ್ಲಿ ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಹೊರಬೀಳುತ್ತದೆ. ಮಳೆನೀರಿನೊಂದಿಗೆ ಅದು ತೋಟದ ಕಣಿಗೆ, ಅಂದರೆ ನೀರು ಬಸಿಯುವ ಕಾಲುವೆಗೆ, ಇಳಿಯುತ್ತದೆ. ಆಷಾಢದಲ್ಲಿ ಕಣಿ ಬಿಡಿಸಲು ಮೊಣಕಾಲಷ್ಟು ಕೆಸರಿನಲ್ಲಿ ನಿಂತವರ ಕಾಲನ್ನು ಒಮ್ಮೆ ನೋಡಿ. ಹಿಮ್ಮಡಿ ಒಡೆದಿರುತ್ತದೆ, ಬೆರಳ ಸಂದಿ ಕೆಸರುಹುಣ್ಣಾಗಿ ಬೆಳ್ಳಗಾಗಿರುತ್ತದೆ. ಬಾಗಿಲು ತೆರೆದಿಟ್ಟ ಹಾಗೆ. ಒಳಹೊಕ್ಕ ಮೇಲೆ ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಕ್ಕೆ ಜ್ವರ ಕಾಣುತ್ತದೆ.

ನಿಮ್ಮ ಯಜಮಾನರು ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವುದು ಯಾವಾಗ? ಮಳೆ ಹಿಡಿಯುವ ಮೊದಲು ಒಂದು, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು. ಗೊನೆಯಿಂದ ಕಾಯಿ ಉದುರಲು ಸುರುವಾದ ಮೇಲೆ ಮೈಲುತುತ್ತು, ಸುಣ್ಣ ಕಲಸಲು ಕೂತವರ ತೋಟ ಏನಾಗುತ್ತದೆ ಎಂದು ಅವರಿಗೆ ನಾನು ಹೇಳಬೇಕಾಗಿಲ್ಲ. ವಾರದ ಈ ಎರಡು ಮಾತ್ರೆಯೂ ಅದೇ ಲೆಕ್ಕ. ಕೆಸರಿನ ಕೆಲಸ ಇರುವ ವಾರಗಳಲ್ಲಿ ಮಾತ್ರ, ಸಾಮಾನ್ಯವಾಗಿ ಆರು ವಾರ. ಅದರ ಮೇಲೂ ಕೆಲಸ ಇದ್ದರೆ ಮುಂದೇನು ಎಂದು ಕೇಂದ್ರದಲ್ಲಿ ಕೇಳಬೇಕು, ತಾವಾಗಿ ಎಳೆಯಬಾರದು.

ಈ ಮಾತ್ರೆಗೆ ತೊಂದರೆಯೇ ಇಲ್ಲ ಎಂದು ನಾನು ಹೇಳುವುದಿಲ್ಲ. ಹೊಟ್ಟೆ ಉರಿಸುತ್ತದೆ, ಕೆಲವರಿಗೆ ಬಿಸಿಲು ತಾಗಿದಲ್ಲಿ ಚರ್ಮ ಕೆಂಪಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ನುಂಗುವ ಕ್ರಮ ತಪ್ಪಿದರೆ ಕಷ್ಟ. ಒಬ್ಬ ಕೆಲಸದಾಳು ರಾತ್ರಿ ಮಲಗುವಾಗ ಎರಡು ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಿ ಹಾಗೇ ಅಡ್ಡಾದ. ಮಾತ್ರೆ ಅನ್ನನಾಳದಲ್ಲೇ ಅಂಟಿ ಕೂತು ಹುಣ್ಣಾಯಿತು. ಮೂರು ದಿನ ಅವನಿಗೆ ಗಂಜಿತೆಳಿಯೂ ಇಳಿಯಲಿಲ್ಲ. ಆಮೇಲೆ ಆ ವಠಾರದಲ್ಲಿ ಒಬ್ಬರೂ ಮಾತ್ರೆ ಮುಟ್ಟಲಿಲ್ಲ. ತಪ್ಪು ಅವನದ್ದಲ್ಲ, ಕೈಗೆ ಕೊಟ್ಟು ಹೇಗೆ ನುಂಗಬೇಕೆಂದು ಹೇಳದ ನಮ್ಮದು. ಊಟದ ಮೇಲೆ, ಒಂದು ಲೋಟ ತುಂಬ ನೀರಿನೊಂದಿಗೆ, ಆಮೇಲೆ ಅರ್ಧ ಗಂಟೆಯಾದರೂ ಮಲಗಬಾರದು. ಹಾಲು, ಕಬ್ಬಿಣದ ಮಾತ್ರೆ, ಗ್ಯಾಸ್ಟ್ರಿಕ್ ಸಿರಪ್ ಜೊತೆಗೆ ಬೇಡ. ಬಸುರಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಇದನ್ನು ಕೊಡುವುದಿಲ್ಲ, ಅವರಿಗೆ ಬೇರೆ ಮದ್ದಿದೆ. ಮಾತ್ರೆ ನುಂಗಿದೆ ಎಂದು ಗಂಬೂಟು ಮೂಲೆಗೆ ಹಾಕಬಾರದು. ಇದು ಪೂರ್ತಿ ತಡೆಯಲ್ಲ, ಅಪಾಯ ಕಡಿಮೆ ಮಾಡುವ ಉಪಾಯ.

ಇನ್ನು ನೋಟಿಸು. ಕೋಪ ಬಂದಿರುತ್ತದೆ, ಬರಬೇಕಾದ್ದೇ. ಮಗನಿಗೆ ಜ್ವರ ಬಂದಾಗ ಬಾರದವರು ಹಾಳೆ ಎಣಿಸಲು ಬಂದರು ಎಂಬ ಸಂಕಟ ನಿಮ್ಮದು. ಆದರೆ ಇಲ್ಲಿ ನಾನು ಇನ್ಸ್‌ಪೆಕ್ಟರ ಕಡೆಗೆ ನಿಲ್ಲುತ್ತೇನೆ. ಫಾಗಿಂಗಿನ ಹೊಗೆ ಆ ಹೊತ್ತಿಗೆ ಹಾರುತ್ತಿರುವ ದೊಡ್ಡ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ. ನೀರಿನಲ್ಲಿರುವ ಮರಿಗೆ, ಮೊಟ್ಟೆಗೆ ಏನೂ ಆಗುವುದಿಲ್ಲ. ನಾಲ್ಕು ದಿನಕ್ಕೆ ಹೊಸ ಸೊಳ್ಳೆ ಏಳುತ್ತದೆ. ಜನರಿಗೆ ಹೊಗೆ ಕಂಡರೆ ಸಮಾಧಾನ, ಪಂಚಾಯತು ಸದಸ್ಯರಿಗೆ ಫೋಟೋ. ಡೆಂಗಿ ಬಂದ ಮನೆಯ ಸುತ್ತ ಕೂಡಲೇ ಮಾಡಿದರೆ ಅದರಿಂದ ಉಪಯೋಗ ಇದೆ. ನಿಮ್ಮಲ್ಲಿ ತಡವಾದದ್ದು ತಪ್ಪೇ. ಆದರೆ ಅದನ್ನೇ ಮುಖ್ಯ ಕೆಲಸ ಎಂದುಕೊಳ್ಳಬೇಡಿ.

ಡೆಂಗಿಯ ಈಡಿಸ್ ಸೊಳ್ಳೆ ಚರಂಡಿಯದ್ದಲ್ಲ. ಶುದ್ಧ ನೀರು ಬೇಕು ಅದಕ್ಕೆ, ಒಂದು ಚಮಚದಷ್ಟಿದ್ದರೂ ಸಾಕು. ಹುಟ್ಟಿದ ಜಾಗದಿಂದ ಹೆಚ್ಚು ದೂರ ಹಾರುವುದೂ ಇಲ್ಲ, ಕೆಲವು ನೂರು ಮೀಟರಿನೊಳಗೇ ಅದರ ಸಂಸಾರ. ಅಂದರೆ ನಿಮ್ಮ ಮಗನನ್ನು ಕಚ್ಚಿದ್ದು ಬಹುಶಃ ನಿಮ್ಮ ತೋಟದಲ್ಲಿ ಇಲ್ಲವೇ ಪಕ್ಕದವರ ತೋಟದಲ್ಲಿ ಬೆಳೆದದ್ದು. ಒಂದು ಅಡಿಕೆ ಮರ ವರ್ಷಕ್ಕೆ ಆರೇಳು ಸೋಗೆಯನ್ನು ಹಾಳೆ ಸಮೇತ ಉದುರಿಸುತ್ತದೆ. ಐನೂರು ಮರವಿದ್ದರೆ ಮೂರು ಸಾವಿರ ಹಾಳೆ. ಮೇಲ್ಮುಖವಾಗಿ ಬಿದ್ದ ಪ್ರತಿಯೊಂದೂ ಒಂದು ದೋಣಿ. ಅದರಲ್ಲಿ ನಿಂತ ನೀರನ್ನು ಅಂಗೈಗೆ ಸುರಿದು ಬೆಳಕಿಗೆ ಹಿಡಿದರೆ, ತಲೆ ಕೆಳಗೆ ಮಾಡಿ ಕೊಂಕುತ್ತ ಓಡುವ ನೂಲಿನಂಥ ಹುಳ ಕಾಣುತ್ತದೆ. ಮಕ್ಕಳಿಗೆ ಒಮ್ಮೆ ತೋರಿಸಿ. ಆಮೇಲೆ ಹಾಳೆ ಮಗುಚಿ ಹಾಕುವ ಕೆಲಸವನ್ನು ಅವರೇ ವಹಿಸಿಕೊಳ್ಳುತ್ತಾರೆ. ರಬ್ಬರ್ ಹಾಲು ಹಿಡಿಯುವ ಗೆರಟೆಗಳು ಟ್ಯಾಪಿಂಗ್ ನಿಂತ ತಿಂಗಳುಗಳಲ್ಲಿ ಬಾಯಿ ಮೇಲಾಗಿಯೇ ಉಳಿದಿರುತ್ತವೆ, ಅವನ್ನೂ ಕವುಚಬೇಕು. ಫ್ರಿಜ್ಜಿನ ಹಿಂದಿನ ತಟ್ಟೆ, ಟರ್ಪಾಲಿನ ಮಡಿಕೆ, ನಾಯಿಗೆ ನೀರಿಟ್ಟ ಮಣ್ಣಿನ ಪಾತ್ರೆ ಇವೆಲ್ಲ ಮನೆಯೊಳಗಿನ ತೋಟಗಳು.

ವಾರಕ್ಕೊಂದು ದಿನ ಡ್ರೈ ಡೇ ಮಾಡಿ ಎನ್ನುವುದು ಸುಮ್ಮನೆ ಹೇಳುವ ಮಾತಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ಏಳು ದಿನಕ್ಕೊಮ್ಮೆ ನೀರು ಚೆಲ್ಲಿದರೆ ಯಾವುದೂ ರೆಕ್ಕೆ ಬರುವಷ್ಟು ಬದುಕುವುದಿಲ್ಲ. ಪಾತ್ರೆ ಉಜ್ಜಿ ತೊಳೆಯಬೇಕು, ಏಕೆಂದರೆ ಅಂಚಿಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಎಲ್ಲ ಹಾಳೆಯನ್ನೂ ಹೆಕ್ಕಲು ಆಳು ಸಿಗುವುದಿಲ್ಲ ಎಂಬುದು ನನಗೂ ಗೊತ್ತು. ಮನೆಯ ಸುತ್ತಿನ ನೂರು ಮೀಟರಿನಿಂದ ಸುರುಮಾಡಿ. ಬಿದ್ದಲ್ಲೇ ಕತ್ತಿಯಿಂದ ಎರಡು ಸೀಳು ಮಾಡಿದರೂ ನೀರು ನಿಲ್ಲುವುದಿಲ್ಲ.

ನೋಟಿಸಿಗೆ ಕಾನೂನಿನ ಬಲವಿದೆಯೇ ಎಂದರೆ, ಇದೆ. ನಮ್ಮ ಜಿಲ್ಲೆಯ ಕತೆ ಇದರಲ್ಲಿ ಸ್ವಲ್ಪ ವಿಚಿತ್ರ. 1956ರಲ್ಲಿ ಕೇರಳಕ್ಕೆ ಸೇರಿದ ಮೇಲೂ, ಮದ್ರಾಸ್ ರಾಜ್ಯದಲ್ಲಿದ್ದ ಹಳೆಯ ದಕ್ಷಿಣ ಕನ್ನಡದ ಭಾಗವಾಗಿದ್ದ ಕಾರಣ, ಸಾರ್ವಜನಿಕ ಆರೋಗ್ಯಕ್ಕೆ ನಮಗೆ ಮದ್ರಾಸಿನ 1939ರ ಕಾಯಿದೆಯೇ ಇತ್ತು. ಕೇರಳಕ್ಕೆಲ್ಲ ಒಂದೇ ಕಾಯಿದೆ ಬಂದದ್ದು 2023ರಲ್ಲಿ. ಸೊಳ್ಳೆ ಬೆಳೆಯಲು ಬಿಟ್ಟವರಿಗೆ ಅದರಡಿ ದಂಡ ಹಾಕಬಹುದು. ನೋಟಿಸು ಹರಿದು ಹಾಕಬೇಡಿ. ಹಾಳೆ ತೆಗೆದಾದ ಮೇಲೆ ನೀವೇ ಕರೆದು ತೋರಿಸಿ, ಅಲ್ಲಿಗೆ ಮುಗಿಯುತ್ತದೆ.

ಸುರಂಗದ ನೀರಿನ ವಿಷಯದಲ್ಲಿ ನಿಮ್ಮ ಮನೆಯವರೂ ಸರಿ, ಇನ್ಸ್‌ಪೆಕ್ಟರೂ ಸರಿ. ಮುರಕಲ್ಲಿನ ಗುಡ್ಡದೊಳಗಿನಿಂದ ಸೋಸಿ ಬರುವ ನೀರು ಒಳ್ಳೆಯದೇ. ಕೆಡುವುದು ಹೊರಬಂದ ಮೇಲೆ, ಟಾಂಕಿಯಲ್ಲಿ. ಬಾಯಿ ತೆರೆದ ಟಾಂಕಿಗೆ ಕಪ್ಪೆ ಬೀಳುತ್ತದೆ, ಮಳೆಗೆ ಗುಡ್ಡದ ಕೆಂಪು ನೀರು ನುಗ್ಗುತ್ತದೆ, ಸುರಂಗದೊಳಗೆ ಬಾವಲಿಗಳಿದ್ದರೆ ಅವುಗಳ ಹಿಕ್ಕೆಯೂ ಬರುತ್ತದೆ. ಹರಿಯುವ ಸುರಂಗಕ್ಕೆ ಪೌಡರ್ ಎಸೆದರೆ ದುಡ್ಡು ತೋಡಿಗೆ ಹೋದ ಹಾಗೆ, ಟಾಂಕಿಗೆ ಹಾಕಬೇಕು. ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ನೀರು ಕೆಂಪಾದಾಗ ಅಥವಾ ಊರಲ್ಲಿ ಕಾಮಾಲೆ ಇದ್ದಾಗ ಐದು ಗ್ರಾಂ. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಒಂದು ಮೀಟರ್ ನೀರಿರುವ ಟಾಂಕಿ ಎಂದರೆ ಮೂರು ಸಾವಿರ ಲೀಟರ್, ಅದಕ್ಕೆ ಏಳೂವರೆ ಗ್ರಾಂ ಸಾಕು. ನಮ್ಮವರು ಹಿಡಿ ತುಂಬ ಎಸೆಯುತ್ತಾರೆ, ಆಮೇಲೆ ವಾಸನೆ ಎಂದು ಬೈಯುತ್ತಾರೆ. ಬಕೆಟಿನಲ್ಲಿ ಪೌಡರನ್ನು ಸ್ವಲ್ಪ ನೀರಿನಲ್ಲಿ ಹಿಟ್ಟಿನಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಹತ್ತು ನಿಮಿಷ ಇಟ್ಟರೆ ಸುಣ್ಣ ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಟಾಂಕಿಗೆ ಹೊಯ್ದು ಒಂದು ಗಂಟೆ ಬಿಟ್ಟು ಬಳಸಿ. ಇಷ್ಟರಿಂದ ಅಡಿಕೆ ಗಿಡಕ್ಕೆ ಏನೂ ಆಗುವುದಿಲ್ಲ.

ಕುದಿಸಿಯೇ ಕುಡಿಯುತ್ತೇವೆ ಎನ್ನುತ್ತೀರಾದರೆ ಇನ್ನೂ ಒಳ್ಳೆಯದು. ಆದರೆ ನಾನು ಹೋದ ಮನೆಗಳಲ್ಲಿ ಕಂಡದ್ದು ಇದು: ಜೀರಿಗೆ ಹಾಕಿ ಚೆನ್ನಾಗಿ ಕುದಿಸಿದ ನೀರು ಬಿಸಿ ಇದೆ ಎಂದು ನೆಂಟರಿಗೆ ಕೊಡುವಾಗ ಕೊಡಪಾನದ ತಣ್ಣೀರು ಬೆರೆಸುತ್ತಾರೆ. ಕುದಿಸಿದ್ದು ದಂಡ. ಈಚಿನ ವರ್ಷಗಳಲ್ಲಿ ಕೇರಳದಲ್ಲಿ ಸುದ್ದಿಯಾದ ಮೆದುಳಿನ ಅಮೀಬಾದ ಹೆದರಿಕೆಯೂ ನಿಮಗಿರಬಹುದು. ಅದು ಕುಡಿಯುವುದರಿಂದ ಬರುವುದಲ್ಲ, ಮೂಗಿನ ಮೂಲಕ ಒಳಹೋಗುತ್ತದೆ. ಕೆರೆ, ಮದಕದ ನಿಂತ ನೀರಿಗೆ ಮಕ್ಕಳು ತಲೆಕೆಳಗಾಗಿ ಹಾರುವುದನ್ನು ತಡೆಯಿರಿ.

ಅತ್ತೆಯ ವಿಷಯ ನಿಧಾನವಾಗಿ ಹೇಳಬೇಕಾದ್ದು. ಸರಕಾರದ ಮಾತ್ರೆಗೆ ಪವರ್ ಕಡಿಮೆ ಎಂಬ ಮಾತನ್ನು ನಾನು ಕೆಲಸಕ್ಕೆ ಸೇರಿದ ದಿನದಿಂದ ಕೇಳುತ್ತಿದ್ದೇನೆ. ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಎಂದರೆ ಮಿನುಗುವ ಪಟ್ಟಿಯಲ್ಲಿದ್ದರೂ ಅಷ್ಟೇ, ಬಿಳಿ ಕವರಿನಲ್ಲಿದ್ದರೂ ಅಷ್ಟೇ. ಆಮ್ಲೋಡಿಪಿನ್‌ಗೂ ಅದೇ ಮಾತು. ನಿಜವಾದ ಕೊರತೆ ಬೇರೆ ಇದೆ: ಕೆಲವು ತಿಂಗಳು ಸ್ಟಾಕ್ ಮುಗಿಯುತ್ತದೆ, ದೊಡ್ಡ ಆಸ್ಪತ್ರೆಯವರು ಬರೆದ ಹೊಸ ಕಂಪನಿ ಮಾತ್ರೆಗಳು ಇಲ್ಲಿ ಇರುವುದಿಲ್ಲ, ಎಲ್ಲ ರಕ್ತಪರೀಕ್ಷೆಯೂ ಇಲ್ಲಿನ ಲ್ಯಾಬಿನಲ್ಲಿ ಆಗುವುದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಹದಿನೈದು ದಿನ. ಬಿಪಿ ಮಾತ್ರೆ ನಿಂತ ಹದಿನೈದು ದಿನದಲ್ಲಿ ಬಾಯಿ ಸೊಟ್ಟಗಾಗಿ ಬಂದವರನ್ನು ನಾನು ಕಂಡಿದ್ದೇನೆ. ಮಂಗಳೂರಿನ ದುಬಾರಿ ಮಾತ್ರೆ ಬಿಟ್ಟು ಬಿಟ್ಟು ನುಂಗುವುದೋ, ಊರಿನ ಸಾದಾ ಮಾತ್ರೆ ಮೂವತ್ತೂ ದಿನ ನುಂಗುವುದೋ ಎಂದರೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಮಂಗಳೂರನ್ನು ಬಿಡಿ ಎಂದು ಹೇಳುತ್ತಿಲ್ಲ. ಮತ್ತೆ ಮತ್ತೆ ಆಗಬೇಕಾದ್ದು ಹತ್ತಿರದಲ್ಲಿ ಆಗಲಿ. ಬಿಪಿ ನೋಡುವುದು, ಶುಗರ್ ನೋಡುವುದು, ಮಾತ್ರೆ ತರುವುದು, ಕಾಲಿನ ಗಾಯ ತೋರಿಸುವುದು ಇವಕ್ಕೆ ಊರಿನ ಕೇಂದ್ರ ಸಾಕು. 2017ರಲ್ಲಿ ಸುರುವಾದ ಕೇರಳ ಸರಕಾರದ ಆರ್ದ್ರಂ ಆರೋಗ್ಯ ಯೋಜನೆಯಲ್ಲಿ ಕುಟುಂಬ ಆರೋಗ್ಯ ಕೇಂದ್ರವಾಗಿ ಬದಲಾದ ಕಡೆ ಸಂಜೆ ಆರರವರೆಗೂ ಒಪಿ ಇಟ್ಟಿದ್ದಾರೆ. ಎದೆನೋವು, ಸ್ಟೆಂಟ್, ಕಿಡ್ನಿ ತೊಂದರೆ, ಕಣ್ಣಿನ ಪರದೆ ಇಂಥವು ದೊಡ್ಡ ಆಸ್ಪತ್ರೆಯ ಕೆಲಸ. ವರ್ಷಕ್ಕೊಮ್ಮೆ ಕಣ್ಣಿನ ಒಳಪದರ, ಮೂತ್ರದಲ್ಲಿ ಆಲ್ಬುಮಿನ್, ಕ್ರಿಯಾಟಿನಿನ್ ನೋಡಿಸಲೇಬೇಕು. ಮಂಗಳೂರಿಗೆ ಹೋಗುವ ಒಂದು ದಿನವನ್ನು ಅದಕ್ಕೇ ಇಡಬಹುದು. ಅತ್ತೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಅಥವಾ ಹೃದಯದ ಚಿಕಿತ್ಸೆ ಆಗಿದ್ದರೆ, ಮೊದಲು ಅಲ್ಲಿನ ವೈದ್ಯರಿಂದ ಒಂದು ಪತ್ರ ಬರೆಸಿಕೊಂಡು ಆಮೇಲೆ ಇಲ್ಲಿಗೆ ಬನ್ನಿ.

ಈ ದಾರಿಯಲ್ಲಿ ಒಂದು ದೊಡ್ಡ ಅಪಾಯ ಇದೆ. ನನ್ನಲ್ಲಿಗೆ ಬೆವರಿನಿಂದ ತೊಯ್ದು, ಮಾತು ತೊದಲುವ ಸ್ಥಿತಿಯಲ್ಲಿ ಒಬ್ಬ ಅಜ್ಜನನ್ನು ಜೀಪಿನಲ್ಲಿ ತಂದರು. ಲಕ್ವ ಎಂದು ಮನೆಯವರು ಅಳುತ್ತಿದ್ದರು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 42. ಗ್ಲೂಕೋಸ್ ಹೋಗುತ್ತಿದ್ದಂತೆ ಎದ್ದು ಕೂತು, ನನ್ನ ಚಪ್ಪಲಿ ಎಲ್ಲಿ ಎಂದರು. ಸೊಸೆ ಎರಡು ಚೀಲ ತೆರೆದು ಮೇಜಿನ ಮೇಲೆ ಸುರಿದಳು. ಒಂದು ಪೇಟೆಯ ಕಂಪನಿ ಮಾತ್ರೆ, ಇನ್ನೊಂದು ನಮ್ಮಲ್ಲೇ ಕೊಟ್ಟದ್ದು. ಹೆಸರು ಬೇರೆ ಬೇರೆ, ಒಳಗಿದ್ದದ್ದು ಎರಡರಲ್ಲೂ ಗ್ಲಿಮೆಪಿರೈಡ್. ಅಜ್ಜ ಎರಡನ್ನೂ ನಿಷ್ಠೆಯಿಂದ ನುಂಗುತ್ತಿದ್ದರು. ಹಾಗಾಗಿ ಮೊದಲ ದಿನ ಚೀಟಿ ಮಾತ್ರ ತಂದರೆ ಸಾಲದು. ಮನೆಯಲ್ಲಿರುವ ಮಾತ್ರೆಯನ್ನೆಲ್ಲ, ನೋವಿನ ಮಾತ್ರೆ, ಆಯುರ್ವೇದದ ಲೇಹ್ಯ ಸಮೇತ, ಒಂದು ಚೀಲದಲ್ಲಿ ಹಾಕಿ ತನ್ನಿ. ಯಾವುದು ಇರಬೇಕು ಯಾವುದು ಹೋಗಬೇಕು ಎಂದು ಅಲ್ಲೇ ಬೇರೆ ಮಾಡಿಸಿಕೊಳ್ಳಿ.

ಒಂದೇ ಊರನ್ನು ನಂಬಿ ಕೂರಬಾರದು ಎನ್ನಲು ನನಗೆ 2020ರ ಮಾರ್ಚ್ ನೆನಪಿದೆ. ಕೊರೋನಾ ಎಂದು ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರನ್ನೇ ನೆಚ್ಚಿದ್ದ ರೋಗಿಗಳು ಆಂಬುಲೆನ್ಸಿನಲ್ಲೇ ಉಳಿದರು, ಕೆಲವರು ಜೀವ ಬಿಟ್ಟರು, ವಿಷಯ ಹೈಕೋರ್ಟಿಗೆ ಹೋಯಿತು. ಆ ವಾರಗಳಲ್ಲಿ ಅವರ ಬಿಪಿ ಮಾತ್ರೆಯನ್ನು ಮನೆಗೆ ಮುಟ್ಟಿಸಿದವರು ನೀವು ಯಾಕೆ ಬಂದರು ಎಂದು ಕೇಳಿದ ಅದೇ ಆಶಾ ಕಾರ್ಯಕರ್ತೆಯರು. ಯಾರ ಮನೆಯಲ್ಲಿ ಯಾವ ಮಾತ್ರೆ ಬೇಕೆಂದು ಅವರ ಪುಸ್ತಕದಲ್ಲಿ ಬರೆದಿತ್ತು. ಗೌರವಧನ ಹೆಚ್ಚಿಸಿ ಎಂದು ಇವರೇ 2025ರಲ್ಲಿ ತಿರುವನಂತಪುರದ ಸೆಕ್ರೆಟರಿಯೇಟ್ ಮುಂದೆ ತಿಂಗಳುಗಟ್ಟಲೆ ಕೂರಬೇಕಾಯಿತು, ಅದು ಬೇರೆ ಮಾತು.

ಈಗ ಆ ರಿಜಿಸ್ಟರಿನ ಮಾತು. ಅವರ ಮೊಬೈಲಿನಲ್ಲಿರುವುದು ಶೈಲಿ ಎಂಬ ಆ್ಯಪ್. ಮೂವತ್ತು ದಾಟಿದವರನ್ನೆಲ್ಲ ಕೇಳಿ, ಯಾರಿಗೆ ಶುಗರ್, ಬಿಪಿ, ಕ್ಯಾನ್ಸರ್ ಬರುವ ಸಂಭವ ಹೆಚ್ಚು ಎಂದು ಅಂಕ ಹಾಕುತ್ತದೆ. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಅಪಾಯ ಏರುತ್ತದೆ. ಎಲೆಅಡಿಕೆ ಕೇಳಿದ್ದು ಬಾಯಿ ಕ್ಯಾನ್ಸರಿಗಾಗಿ. ಅಡಿಕೆ ಬೆಳೆಯುವ ನಮಗೆ ಕೇಳಲು ಕಹಿ, ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಬಾಯಿಗೆ ಒಳ್ಳೆಯದಲ್ಲ. ಬಾಯಿಯಲ್ಲಿ ವಾಸಿಯಾಗದ ಹುಣ್ಣು, ಬಿಳಿ ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದ ಬಿಗಿತ ಇದ್ದರೆ ಕಾಯಬೇಡಿ. ಇಷ್ಟವಿಲ್ಲದ ಪ್ರಶ್ನೆಗೆ ಹೇಳುವುದಿಲ್ಲ ಎನ್ನಬಹುದು, ಅದಕ್ಕಾಗಿ ನಿಮ್ಮ ಮದ್ದು ನಿಲ್ಲುವುದಿಲ್ಲ. ಬ್ಯಾಂಕಿನ ಒಟಿಪಿ, ಎಟಿಎಂ ನಂಬರನ್ನು ಆರೋಗ್ಯದವರು ಕೇಳುವುದಿಲ್ಲ. ಕೇಳಿದವರು ಬೇರೆ ಯಾರೋ.

ಎಂಡೋಸಲ್ಫಾನ್ ಬಗ್ಗೆ ನೀವು ಕೇಳಿದ್ದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಸರಕಾರದ್ದೇ ಪ್ಲಾಂಟೇಶನ್ ಕಾರ್ಪೊರೇಶನ್ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಬಿಟ್ಟಿತು. ಸುಪ್ರೀಂ ಕೋರ್ಟು ದೇಶಕ್ಕೇ ತಡೆ ಹಾಕಿದ್ದು 2011ರಲ್ಲಿ, ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಿ ಎಂದದ್ದು 2017ರಲ್ಲಿ. ನಂಬಿಕೆ ಒಡೆದದ್ದು ನಿಮ್ಮ ತಪ್ಪಲ್ಲ. ಆದರೆ ಆ ಸತ್ಯ ಹೊರಬಂದ ಬಗೆ ನೆನಪಿಸಿಕೊಳ್ಳಿ. ಪಡ್ರೆಯಲ್ಲಿ ಕ್ಲಿನಿಕ್ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ಅವರು ತಮ್ಮ ಸುತ್ತಿನ ಮನೆಗಳಲ್ಲಿ ಇಷ್ಟೊಂದು ಜನರಿಗೆ ಇಂಥ ಕಾಯಿಲೆಗಳು ಯಾಕೆ ಎಂದು ಗಮನಿಸಿದರು, ಲೆಕ್ಕ ಇಟ್ಟರು, ಬರೆದರು. ಯಾವ ಮನೆಯಲ್ಲಿ ಏನು ಎಂದು ಬರೆದಿಟ್ಟವರು ಇಲ್ಲದಿದ್ದರೆ ಎಲ್ಲವೂ ಊರಿನ ದೈವ ಜಟಾಧಾರಿಯ ಶಾಪ ಎಂಬಲ್ಲಿಗೇ ಮುಗಿಯುತ್ತಿತ್ತು. ಹಾಗಾಗಿ ಲೆಕ್ಕ ಬೇಡ ಎನ್ನಬೇಡಿ. ಲೆಕ್ಕ ಬರೆದುಕೊಂಡು ಹೋದವರನ್ನು ಆಮೇಲೆ ಪ್ರಶ್ನೆ ಕೇಳಿ. ನಮ್ಮ ವಾರ್ಡಿನಲ್ಲಿ ಎಷ್ಟು ಜನಕ್ಕೆ ಡೆಂಗಿ ಆಯಿತು, ಎಷ್ಟು ಕ್ಯಾನ್ಸರ್ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಬಹುದು. ಕೇರಳದಲ್ಲಿ ಊರಿನ ಈ ಕೇಂದ್ರ ಇರುವುದೇ ಪಂಚಾಯತಿನ ಕೈಯಲ್ಲಿ.

ಭಾಷೆಯ ತೊಂದರೆಯನ್ನು ನಾನು ಸಣ್ಣದೆಂದು ತಿಳಿಯುವುದಿಲ್ಲ. ದಕ್ಷಿಣದ ಜಿಲ್ಲೆಯಿಂದ ಹೊಸದಾಗಿ ಬಂದ ನರ್ಸ್ ಒಬ್ಬರು ತುಳು ಮಾತಾಡುವ ಅಜ್ಜಿಯ ಹತ್ತಿರ, ‘ಪನಿ ಉಂಡೋ?’ ಎಂದರು. ಮಲಯಾಳದಲ್ಲಿ ಜ್ವರ ಇದೆಯೇ ಎಂದರ್ಥ. ತುಳುವಿನಲ್ಲಿ ಪನಿ ಎಂದರೆ ತುಂತುರು ಮಳೆ. ಅಜ್ಜಿ ಕಿಟಕಿಯ ಹೊರಗೆ ನೋಡಿ, ‘ಇಜ್ಜಿ, ದೊಂಬು’ ಎಂದರು. ಇಲ್ಲ, ಬಿಸಿಲು. ನರ್ಸ್ ಜ್ವರ ಇಲ್ಲ ಎಂದು ಬರೆದರು. ಥರ್ಮಾಮೀಟರ್ ಇಟ್ಟಾಗ 102. ನಾವೆಲ್ಲ ನಕ್ಕೆವು, ಆ ಮೇಲೆ ನಗು ಬರಲಿಲ್ಲ.

ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶಗಳಲ್ಲಿ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕೇಂದ್ರಕ್ಕೆ ಒಂದು ಅರ್ಜಿ ಬರೆಯಿರಿ: ನೋಟಿಸು, ಮಾತ್ರೆಯ ಸೂಚನೆ ಕನ್ನಡದಲ್ಲಿ ಬೇಕು, ಕನ್ನಡ ಬಲ್ಲ ಸಿಬ್ಬಂದಿ ಬೇಕು. ನಾಲ್ಕು ಮನೆಯವರು ಸಹಿ ಹಾಕಿದರೆ ಬಲ ಬರುತ್ತದೆ. ಅರ್ಜಿಗೆ ಉತ್ತರ ಬರುವಷ್ಟರಲ್ಲಿ ಅತ್ತೆಯ ಮಾತ್ರೆ ಮುಗಿಯಬಾರದಲ್ಲ, ಅಲ್ಲಿಯವರೆಗೆ ಫಾರ್ಮಸಿಸ್ಟರ ಹತ್ತಿರ ಕವರಿನ ಮೇಲೆ ಬೆಳಗ್ಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆಸಿಕೊಳ್ಳಿ. ಯಾರೂ ಇಲ್ಲವೆನ್ನುವುದಿಲ್ಲ.

ದೊಡ್ಡ ಆಸ್ಪತ್ರೆಗೆ ಸೇರುವ ಪ್ರಸಂಗ ಬಂದರೆ, ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡು ಇದ್ದವರಿಗೆ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಸಿಗುತ್ತದೆ. ಹೋಗುವ ಆಸ್ಪತ್ರೆ ಪಟ್ಟಿಯಲ್ಲಿದೆಯೇ ಎಂದು ಹೊರಡುವ ಮೊದಲು ಕೇಳಿ.

ಕೊನೆಗೆ ಜ್ವರ. ಮಳೆಗಾಲದಲ್ಲಿ ಯಜಮಾನರಿಗೋ ಮಗನಿಗೋ ಜ್ವರ ಬಂದರೆ ಅಂಗಡಿಯಿಂದ ನೋವಿನ ಮಾತ್ರೆ ತರಬೇಡಿ. ಇಲಿಜ್ವರದಲ್ಲಿ ಅದು ಕಿಡ್ನಿಗೆ ಪೆಟ್ಟು ಕೊಡುತ್ತದೆ, ಡೆಂಗಿಯಲ್ಲಿ ರಕ್ತಸ್ರಾವ ಹೆಚ್ಚಿಸುತ್ತದೆ. ಪ್ಯಾರಸಿಟಮಾಲ್ ಮಾತ್ರ ಸಾಕು, ಜೊತೆಗೆ ಗಂಜಿತೆಳಿ, ಎಳನೀರು. ಪಪ್ಪಾಯಿ ಎಲೆ ರಸ ಕುಡಿಸಿ ಮನೆಯಲ್ಲೇ ಕಾಯುತ್ತ ಕೂರಬೇಡಿ. ಮೀನಖಂಡ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪು, ಮೂತ್ರ ಕಡಿಮೆ, ಕಣ್ಣು ಹಳದಿ ಆದರೆ ಅದೇ ದಿನ ಹೊರಡಿ. ಡೆಂಗಿಯಲ್ಲಿ ಮೋಸ ಹೋಗುವುದು ಜ್ವರ ಇಳಿದ ದಿನ. ಜ್ವರ ಬಿಟ್ಟಿತು ಎಂದು ಸಮಾಧಾನಪಡುವ ಹೊತ್ತಿಗೇ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ 108ಕ್ಕೆ ಫೋನ್ ಮಾಡಿ.

ಡಾಕ್ಟರ ಎದುರು ಕೂತಾಗ ಎಷ್ಟು ಡಿಗ್ರಿ ಎಂಬುದಕ್ಕಿಂತ ಮೊದಲು ಹೇಳಬೇಕಾದ್ದು, ತೋಟದಲ್ಲಿ ಕೆಲಸ ಮಾಡುವವರು ಎಂಬುದನ್ನು. ಅಷ್ಟು ಹೇಳದೆ ಹೋದರೆ ಸಾದಾ ವೈರಲ್ ಜ್ವರ ಎಂದು ಕಳುಹಿಸಿಬಿಡಬಹುದು. ಯಜಮಾನರಿಗೆ ಮಲಯಾಳ ಬಾರದಿದ್ದರೆ ಇದೊಂದನ್ನು ಬಾಯಿಪಾಠ ಮಾಡಿಸಿ. ಪಣಿ ಎಂದರೆ ಕೆಲಸ, ಪನಿ ಎಂದರೆ ಜ್ವರ, ನಾಲಗೆ ಸರಿಯಾಗಿ ಮಡಚಬೇಕು: ‘ತೋಟ್ಟತ್ತಿಲಾಣ್ ಪಣಿ. ಮೂನ್ನು ದಿವಸಮಾಯಿ ಪನಿ.’